ಪ್ರೊಸೆಸರ್ ಆರಿಸಿದ್ದು ನಾನು

ಇದು ಆಗೋ ಮಾತಲ್ಲ ಅಂತ ಮೊದಲು ಹೇಳಿದವರು ನನ್ನ ಸೋದರಮಾವ. ಮಸಿನಗುಡಿಯಲ್ಲಿ ಪ್ರವಾಸಿಗರನ್ನು ಜೀಪಿನಲ್ಲಿ ಸುತ್ತಿಸುವವರು, ಆ ಜೀಪನ್ನು ತಾವೇ ಬಿಚ್ಚಿ ಜೋಡಿಸುವವರು. ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಕಟ್ಟುತ್ತೇನೆ ಅಂದಾಗ ಟೀ ಲೋಟ ಕೆಳಗಿಟ್ಟು ನಕ್ಕರು.

"ಡಿಗ್ರಿ ಡಿಗ್ರಿ ಅಂತಿದ್ದೆ, ಅದೇ ಇನ್ನೂ ಕೈಗೆ ಬಂದಿಲ್ಲ. ಈಗ ಡಬ್ಬಾನೂ ನೀನೇ ಕಟ್ಟೀಯಾ? ಆಗಕ್ಕಿಲ್ಲ ಬುಡು."

"ಆಯ್ತದೆ," ಅಂದಳು ಅವ್ವ ಒಳಗಿನಿಂದ. "ಅವ್ಳು ಓದವ್ಳೆ."

ನಮ್ಮ ಕುಲದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಇದನ್ನು ಇವತ್ತಿಗೂ ತಲೆಯೆತ್ತಿಯೇ ಹೇಳುತ್ತೇನೆ. ಬೆಳಿಗ್ಗೆ ಕಲ್ಹಟ್ಟಿ ಘಾಟಿಯ ಬಸ್ಸಿನಲ್ಲಿ ನಿಂತುಕೊಂಡೇ ಊಟಿಗೆ, ಸಂಜೆ ಅದೇ ಬಸ್ಸಿಗೆ ಓಡಿ ವಾಪಸು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು, ಫೋಟೋ ನೋಡಿ ಅದರಲ್ಲಿರುವುದು ಆನೆಯೋ ಬಂಡೆಯೋ ಹೇಳುವ ಪ್ರೋಗ್ರಾಂ. ಲ್ಯಾಬಿನ ಹಳೇ ಕಂಪ್ಯೂಟರ್ ಆ ಲೆಕ್ಕ ಮುಗಿಸುವ ಹೊತ್ತಿಗೆ ನನ್ನ ಬಸ್ ಹೊರಟು ಹೋಗಿರುತ್ತಿತ್ತು. ಮನೆಯಲ್ಲೊಂದು ಕಂಪ್ಯೂಟರ್ ಇಲ್ಲದಿದ್ದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ಅವ್ವ ಬೊಕ್ಕಾಪುರಂ ಕಡೆಯ ರೆಸಾರ್ಟೊಂದರಲ್ಲಿ ಪಾತ್ರೆ ತೊಳೆದು ಕೂಡಿಟ್ಟದ್ದರಲ್ಲಿ ಎಲ್ಲವೂ ಆಗಬೇಕಿತ್ತು.

ಪ್ರೊಸೆಸರ್ ಆರಿಸುವುದಕ್ಕೆ ವಾರಗಟ್ಟಲೆ ಫೋನಿನಲ್ಲಿ ವಿಡಿಯೊ ನೋಡಿದೆ. ಮಾವನಿಗೆ, ಅದು ಎಂಜಿನ್ ಇದ್ದ ಹಾಗೆ ಅಂದೆ. ತಕ್ಷಣ ಕೇಳಿದರು: "ಕಲ್ಹಟ್ಟಿ ಏರ್ತದಾ?"

ನಮ್ಮಲ್ಲಿ ಯಾವ ಗಾಡಿ ಕೊಂಡರೂ ಇದೊಂದೇ ಪ್ರಶ್ನೆ. ಬಣ್ಣ, ಸೀಟು, ದೀಪ ಎಲ್ಲ ಆಮೇಲೆ. ಜನ ತುಂಬಿದರೂ ತಿರುವಿನಲ್ಲಿ ನಿಲ್ಲದೆ ಎಳೆಯಬೇಕು. ನಾನೂ ಹಾಗೆಯೇ ಆರಿಸಿದೆ. ಎಂಜಿನ್ನಿಗೆ ಸಿಲಿಂಡರ್ ಇದ್ದ ಹಾಗೆ ಪ್ರೊಸೆಸರಿಗೆ ಕೋರು; ನಾಲ್ಕು ಕೋರಿನದನ್ನು ಬಿಟ್ಟು ಆರು ಕೋರಿನದಕ್ಕೆ ಕೈ ಹಾಕಿದೆ. ಅದರಲ್ಲೂ ಎರಡು ಬಗೆ ಇತ್ತು. ಎಳೆತ ಎರಡಕ್ಕೂ ಒಂದೇ, ಒಂದರ ಬೆಲೆ ಮಾತ್ರ ಕಡಿಮೆ. ಯಾಕೆ ಕಡಿಮೆ ಅಂತ ನಾನು ಕೇಳಲಿಲ್ಲ. ಸಿಕ್ಕಿತಲ್ಲ ಅಂತ ಕೊಂಡೆ.

ಭಾನುವಾರ ಚಾಪೆ ಹಾಸಿ, ವಿಡಿಯೊ ನೋಡಿಕೊಂಡು ಜೋಡಿಸಿದೆ. ಮಾವ, ಅತ್ತೆ, ಪಕ್ಕದ ಮನೆಯವರು ಸುತ್ತ ಕೂತರು. ಪ್ಲಗ್ ಹಾಕುವ ಮುಂಚೆ ಅವ್ವ "ತಡಿ ಮಗ" ಅಂದು, ಹೊಸ ಜೀಪಿಗೆ ಇಡುವ ಹಾಗೆ ಡಬ್ಬದ ತಲೆಗೆ ಅರಿಶಿನ ಕುಂಕುಮ ಇಟ್ಟಳು. ಅಲ್ಲಿ ಗಾಳಿಯಾಡಲು ಜಾಲರಿ ಇತ್ತು. ಒಂದು ಚಿಟಿಕೆ ಒಳಗೆ ಉದುರಿತು.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಒಳಗೆ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

"ಕುಂಕುಮ ಒಳಕ್ಕೆ ಬಿತ್ತಲ್ಲ, ಶಾರ್ಟ್ ಆಗೋಯ್ತು," ಅಂದರು ಮಾವ. ಅವ್ವ ಕುಂಕುಮದ ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನಾನು ಫೋನ್ ತೆಗೆದು ಹುಡುಕಿದೆ. ಆ ಅಗ್ಗದ ಬಗೆಯಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗವೇ ಇರಲಿಲ್ಲ. ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಿತ್ತು, ಅಷ್ಟು ದುಡ್ಡು ಉಳಿದಿರಲಿಲ್ಲ. ಹೆಡ್‌ಲೈಟ್ ಇಲ್ಲದ ಗಾಡಿಯನ್ನು ಎಳೆತ ನೋಡಿ ತಂದಿದ್ದೆ. ಅಲ್ಲೇ, ಎಲ್ಲರ ಮುಂದೆ ಹೇಳಿದೆ: "ಕುಂಕುಮದಿಂದಲ್ಲ. ಪ್ರೊಸೆಸರ್ ಆರಿಸಿದ್ದು ನಾನು. ತಪ್ಪು ನಂದು."

ಯಾರೂ ನಂಬಲಿಲ್ಲ.

"ಅವ್ವನ್ನ ಬುಟ್ಕೊಡಕ್ಕಿಲ್ಲ ನೋಡು," ಅಂದರು ಅತ್ತೆ, ಮೆಚ್ಚಿಕೊಂಡು.

"ಓದ್ದೋಳು ತಪ್ಪು ಮಾಡ್ತಾಳಾ?" ಮಾವ ಅವ್ವನ ಕಡೆ ತಿರುಗಿದರು. "ಅಕ್ಕ, ಸುಮ್ಕೆ ಕೂತಿರಕ್ಕೆ ಏನಾಗಿತ್ತು ನಿಂಗೆ?"

"ನನ್ ಕೈ ಸುಮ್ಕಿರಕ್ಕಿಲ್ಲ," ಅಂದಳು ಅವ್ವ, ತನ್ನ ಕೈಯನ್ನೇ ನೋಡಿಕೊಳ್ಳುತ್ತ.

ಓದಿದವಳ ಮಾತಿಗೆ ಬೆಲೆ ಕೊಡಿ ಅಂತ ಅಷ್ಟು ವರ್ಷ ಆ ಮನೆಯಲ್ಲಿ ಜಗಳವಾಡಿದವಳು ನಾನೇ. ಕೊಟ್ಟರು. ನನ್ನ ತಪ್ಪು ನನಗೇ ಸಿಗದಷ್ಟು ಕೊಟ್ಟರು.

ಮರುದಿನ ಊಟಿಯ ಅಂಗಡಿಗೆ ಹೋಗಿ ತಲೆ ತಗ್ಗಿಸಿ ನಿಂತೆ. ಅಂಗಡಿಯವರು ಬೈಯಲಿಲ್ಲ. ಹಳೆಯದನ್ನು ವಾಪಸು ತೆಗೆದುಕೊಂಡು, ಸ್ವಲ್ಪ ಹಣ ಹಿಡಿದುಕೊಂಡು, ಚಿತ್ರ ಕಳಿಸುವ ನಾಲ್ಕು ಕೋರಿನದನ್ನು ಕೊಟ್ಟರು. ಮನೆಗೆ ತಂದು ಹಾಕಿ ಅವ್ವನನ್ನು ಕರೆದೆ. "ಬಾ, ಕುಂಕುಮ ಇಡು. ಅದೇ ಜಾಗಕ್ಕೆ ಇಡು."

ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ನೀನು ಹಾಕು ಮಗ. ನಾನು ಇತ್ಲಾಗೇ ಇರ್ತೀನಿ."

ಪರದೆ ಬೆಳಗಿತು. ಮಾವ ತೊಡೆ ತಟ್ಟಿ, "ನೋಡ್ದಾ, ಕುಂಕುಮ ಇಡ್ನಿಲ್ಲ, ಬಂತು," ಅಂದರು. ನಾನು ಖುಷಿಯಲ್ಲಿ ಕೀಬೋರ್ಡ್ ಎಳೆದುಕೊಂಡು ಕೂತೆ. ಹಿತ್ತಲಿಗೆ ಒಂದು ಕೂಗು ಹಾಕಬೇಕು ಅನ್ನುವುದೂ ನೆನಪಾಗಲಿಲ್ಲ. ಬಟ್ಟೆ ಒಣಹಾಕಿ ಒಳಗೆ ಬಂದ ಅವ್ವ ದೂರದಲ್ಲೇ ನಿಂತು ನೋಡಿ, ಅಡುಗೆಗೆ ಹೋದಳು. ತಪ್ಪು ಪ್ರೊಸೆಸರ್ ಆರಿಸಿದ್ದಕ್ಕಿಂತ ಇದನ್ನು ನೆನೆದರೆ ಹೆಚ್ಚು ನಾಚಿಕೆಯಾಗುತ್ತದೆ.

ಆಮೇಲೆ ನಾನೇ ಡಬ್ಬಕ್ಕೆ ಕುಂಕುಮ ಇಟ್ಟು, ಅವ್ವನಿಗೆ ಓಡಿಸಿ ತೋರಿಸಿದೆ. "ನೀನಿಟ್ರೆ ಏನೂ ಆಗಕ್ಕಿಲ್ಲ. ನನ್ ಕೈ ಬೇರೆ," ಅಂದಳು. ಮನೆಯೆಲ್ಲ ಗುಡಿಸಿದರೂ ಕಂಪ್ಯೂಟರ್ ಇಟ್ಟ ಮೇಜಿನ ಹತ್ತಿರಕ್ಕೆ ಪೊರಕೆ ಬರುತ್ತಿರಲಿಲ್ಲ. ಅಲ್ಲಿನ ದೂಳು ನನ್ನ ಪಾಲಿಗೇ ಬಿಟ್ಟಿದ್ದಳು.

ಆ ನಾಲ್ಕು ಕೋರು ಏದುಸಿರು ಬಿಟ್ಟುಕೊಂಡೇ ಏರಿತು. ನನ್ನ ಪ್ರೋಗ್ರಾಂ ಒಮ್ಮೊಮ್ಮೆ ಆನೆಯನ್ನು ಬಂಡೆ ಅನ್ನುತ್ತಿತ್ತು. ಹಾಗಿದ್ದರೂ ಪಾಸಾದೆ.

ಪದವಿ ಕೊಡುವ ದಿನ ಅವ್ವ, ಮಾವ ಇಬ್ಬರೂ ಊಟಿಗೆ ಬಂದರು. ಆಗಕ್ಕಿಲ್ಲ ಅಂದಿದ್ದ ಮಾವ ಗೇಟಿನಲ್ಲಿ ನಿಂತು, ಪರಿಚಯವಿಲ್ಲದವರಿಗೂ "ಕಂಪ್ಯೂಟರನ್ನ ಕೈಯಲ್ಲೇ ಕಟ್ಟವ್ಳೆ" ಅನ್ನುತ್ತಿದ್ದರು. ವೇದಿಕೆಯಿಂದ ಇಳಿದು ಬಂದು ಸರ್ಟಿಫಿಕೇಟನ್ನು ಅವ್ವನ ಮುಂದೆ ಹಿಡಿದೆ. ಅವಳು ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಆ ಕೈಗಳನ್ನು ಮುಂದಕ್ಕೆ ತಂದು ಅವುಗಳ ಮೇಲಿಟ್ಟೆ.

"ಕೈ ತೊಳ್ಕಂಡೇ ಬಂದಿವ್ನಿ ಮಗ," ಅಂದಳು ಅವ್ವ. "ಹಿಡ್ಕಂಡ್ರೆ ಏನೂ ಆಗಕ್ಕಿಲ್ವಲ್ಲ?"