ಕಿಟಕಿ ಪಕ್ಕದ ಕಂಪ್ಯೂಟರ್

೧೯೯೮ರ ಜೂನ್‌ನಲ್ಲಿ ದಾವಣಗೆರೆಯ ಆನೆಕೊಂಡದ ಕಡೆಯ ಒಂದು ಖಾಸಗಿ ಪ್ರೌಢಶಾಲೆಗೆ ಕಂಪ್ಯೂಟರ್ ಶಿಕ್ಷಕಿಯಾಗಿ ಸೇರಿದೆ. ಎಂ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು. ಮನೆ ಹರಿಹರದಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ಶಾಲೆಗೆ ಆ ವರ್ಷವೇ ಮೂರು ಕಂಪ್ಯೂಟರ್ ಬಂದಿದ್ದವು. ಹಳೆಯ ಸ್ಟೋರ್ ರೂಮಿಗೆ ಸುಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ ಅವುಗಳನ್ನು ಕೂರಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಬರಬೇಕೆಂಬುದು ಹೆಡ್‌ಮಾಸ್ಟರ್ ಮಾಡಿದ ನಿಯಮ.

"ಗಣಿತ ಅಂದ್ರೆ ಓಡಿಹೋಗೋ ಮಕ್ಕಳನ್ನ ಇದ್ರಿಂದ ಹಿಡಿದು ಕೂಡಿಸ್ರಿ ಮೇಡಂ. ಅದಕ್ಕೇ ತರಿಸಿರೋದು" ಎಂದು ಅವರು ಮೊದಲ ದಿನವೇ ಹೇಳಿದ್ದರು. ಕಟ್ಟುನಿಟ್ಟಿನ ಮನುಷ್ಯ. ಮಕ್ಕಳಿಗೆ ಕೇಡು ಬಯಸಿದವರಲ್ಲ.

ನಾನು ಆರಿಸಿಕೊಂಡದ್ದು ಲೋಗೋ ಎಂಬ ಪ್ರೋಗ್ರಾಂ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಚಿಕ್ಕ ತ್ರಿಕೋನ ಇರುತ್ತದೆ. ಅದಕ್ಕೆ ಆಮೆ ಎಂದು ಹೆಸರು. ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದು ಟೈಪ್ ಮಾಡಿದರೆ ಆಮೆ ಗೆರೆ ಎಳೆಯುತ್ತಾ ಸಾಗುತ್ತದೆ. ಕೋನ ತಪ್ಪಿದರೆ ಚಿತ್ರ ತಪ್ಪುತ್ತದೆ. ಬೈಯುವವರು ಯಾರೂ ಇಲ್ಲ, ಅಳಿಸಿ ಮತ್ತೆ ಮಾಡಬಹುದು. ಪ್ರೋಗ್ರಾಂ ಫ್ಲಾಪಿ ಎಂಬ ಚಪ್ಪಟೆ ಡಿಸ್ಕಿನಲ್ಲಿತ್ತು. ಪ್ರತಿ ತರಗತಿಯಲ್ಲೂ ಫ್ಲಾಪಿಯನ್ನು ಡ್ರೈವ್‌ನ ಸೀಳಿಗೆ ತೂರಿಸಿಯೇ ಶುರು ಮಾಡಬೇಕಿತ್ತು.

ಒಂಬತ್ತನೇ ತರಗತಿಯಲ್ಲಿ ಶಾಹಿನಾ ಎಂಬ ಹುಡುಗಿ ಇದ್ದಳು. ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಗಾರ. ಬಿಸಿ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿದು ಇವಳು ಶಾಲೆಗೆ ಬರುತ್ತಿದ್ದಳು. ಎಷ್ಟು ತೊಳೆದರೂ ಉಗುರಿನ ಸಂದಿಯ ಮಸಿ ಹೋಗುತ್ತಿರಲಿಲ್ಲ. ವಾರದಲ್ಲಿ ಎರಡು ಮೂರು ದಿನ ಗೈರುಹಾಜರಿ. ಗಣಿತದಲ್ಲಿ ನೂರಕ್ಕೆ ಹದಿನೇಳು.

ಉಳಿದವರು ಒಂದೇ ಬೆರಳಿನಿಂದ ಅಂಜುತ್ತಾ ಕೀ ಒತ್ತುತ್ತಿದ್ದರೆ, ಇವಳು ಕಿಟಕಿ ಪಕ್ಕದ ಕಂಪ್ಯೂಟರ್ ಹಿಡಿದು ಆಮೆಯ ಜೊತೆ ಜಗಳವಾಡುತ್ತಿದ್ದಳು. "ಏ ಆಮಿ, ಆ ಕಡಿ ಎಲ್ಲಿಗೆ ಹೊಂಟಿ? ಈ ಕಡಿ ಬಾ ಅಂದ್ರೆ!"

ಒಂದು ದಿನ ಐದು ಮೂಲೆಯ ಚುಕ್ಕಿ, ಅಂದರೆ ನಕ್ಷತ್ರ, ಬಿಡಿಸಲು ಕೂತಳು. ಮುನ್ನೂರ ಅರವತ್ತನ್ನು ಐದರಿಂದ ಭಾಗಿಸಿ ಎಪ್ಪತ್ತೆರಡು ಡಿಗ್ರಿ ತಿರುಗಿಸಿದಳು. "ಐದು ಮೂಲಿ ಬಂದ್ವು ಮಿಸ್, ಚುಕ್ಕಿ ಬರಲಿಲ್ಲ" ಎಂದು ಮುಖ ಸಣ್ಣಗೆ ಮಾಡಿದಳು. ಮರುವಾರ ತಾನೇ ಎಪ್ಪತ್ತೆರಡನ್ನು ಎರಡು ಪಟ್ಟು ಮಾಡಿ ನೋಡಿದಳು. ಚುಕ್ಕಿ ಬಂತು. ಆಮೇಲೆ ಅವಳು ತಪ್ಪಿಸಿಕೊಂಡ ದಿನಗಳು ಕಡಿಮೆಯಾದವು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನಲವತ್ತಾರು ಅಂಕ ಬಂತು.

ಫಲಿತಾಂಶದ ದಿನ ತಂದೆ ಬಂದು ಬಾಗಿಲ ಹೊರಗೇ ನಿಂತರು. "ದಸರಾಕ್ಕೆ ಸಾಲಿ ಬಿಡಿಸಬೇಕಂತಿದ್ದೆ ಮೇಡಂ. ಕಂಪ್ಯೂಟರ್ ಬಿಟ್ಟು ಬರಲ್ಲ ಅಂತ ಹಟ ಹಿಡಿದಾಳೆ. ಮುಂದೆ ಏನಾರ ಐತೆನ್ರಿ ಇದ್ರಾಗೆ?"

ಎಸ್ಸೆಸ್ಸೆಲ್ಸಿ ಮುಗಿಸಲಿ, ಮುಂದೆ ದಾರಿ ಇದೆ ಎಂದೆ.

"ಆತು ಬಿಡ್ರಿ. ನಿಮ್ಮ ಮಾತಿನ ಮ್ಯಾಲೆ ಕಳಿಸ್ತೀನಿ."

ದಸರಾ ರಜೆಗೆ ಮುಂಚೆ ಶಾಲೆಯಲ್ಲಿ ಆಯುಧ ಪೂಜೆ ನಡೆಯಿತು. ಆ ದಿನ ನಾನು ರಜೆ ಹಾಕಿ ಹರಿಹರದಲ್ಲೇ ಇದ್ದೆ. ರಜೆ ಮುಗಿದು ಬಂದಾಗ ಮಾನಿಟರುಗಳ ಹಣೆಯ ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಿದೆ.

ಮೊದಲ ತರಗತಿಯಲ್ಲಿ ಶಾಹಿನಾ ತನ್ನ ಜಾಗದಲ್ಲಿ ಕೂತು ಫ್ಲಾಪಿ ತೂರಿಸಿದಳು. ಡ್ರೈವ್ ಕರಕರ ಸದ್ದು ಮಾಡಿತು. ಡಿಸ್ಕ್ ಓದಲಾಗುತ್ತಿಲ್ಲ ಎಂಬ ಸೂಚನೆ ಬಂತು. ಇನ್ನೊಂದು ಫ್ಲಾಪಿ ಹಾಕಿದೆ, ಅದಕ್ಕೂ ಗೀರು ಬಿತ್ತು. ಸದ್ದು ಕೇಳಿ ಹೆಡ್‌ಮಾಸ್ಟರ್ ಒಳಗೆ ಬಂದರು. ಯಂತ್ರ ನೋಡಿದರು, ಆಮೇಲೆ ಅವಳ ಕೈ ನೋಡಿದರು.

"ಭಟ್ಟಿ ಮಸಿ ಒಳಗ ಹೋಗೇತಿ. ಕೈ ತೊಳ್ಕಂಡು ಬಾ ಅಂತ ಎಷ್ಟು ಸಲ ಹೇಳೀನಿ?"

"ತೊಳ್ಕಂಡೇ ಬಂದೀನಿ ಸಾರ್."

ಹಿಂದಿನಿಂದ ಯಾರೋ, "ಏ ಭಟ್ಟಿ, ಕಂಪ್ಯೂಟರ್‌ನಾಗೆ ಮಂಡಕ್ಕಿ ಹುರಿದ್ಯೇನೇ?" ಎಂದರು. ತರಗತಿಯೇ ನಕ್ಕಿತು.

ಮಸಿಯಿಂದ ಹೀಗಾಗಲಾರದು ಎಂದು ನಾನು ಹೆಡ್‌ಮಾಸ್ಟರಿಗೆ ಹೇಳಿದೆ. "ಮತ್ತೆ ಎದರಿಂದ ಆತು, ಹೇಳ್ರಿ" ಎಂದರು. ತೆರೆದು ನೋಡದೆ ಹೇಳಲು ಬರುವುದಿಲ್ಲ ಎಂದೆ. ತೆರೆಯುವಂತೆಯೂ ಇರಲಿಲ್ಲ. ಕಂಪ್ಯೂಟರಿನ ಡಬ್ಬದ ಹಿಂದೆ ಕಂಪನಿಯ ವಾರಂಟಿ ಸೀಲ್ ಅಂಟಿಸಿದ್ದರು. ಅವರ ಎಂಜಿನಿಯರ್ ಅಲ್ಲದೆ ಬೇರೆ ಯಾರು ಹರಿದರೂ ವಾರಂಟಿ ರದ್ದು. ಎಂಜಿನಿಯರ್ ಹುಬ್ಬಳ್ಳಿಯಿಂದ ಬರಬೇಕಿತ್ತು. ಅವರು ಬರುವವರೆಗೆ ಶಾಹಿನಾ ಕಂಪ್ಯೂಟರ್ ರೂಮಿಗೆ ಬರುವುದು ಬೇಡ ಎಂದು ತೀರ್ಮಾನವಾಯಿತು. ಆ ಪೀರಿಯಡ್ಡಿನಲ್ಲಿ ಅವಳು ಹೊರಗೆ, ಎಲ್ಲರ ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತಿದ್ದಳು. ಎರಡನೇ ವಾರದಿಂದ ಶಾಲೆಗೇ ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಎಂಜಿನಿಯರ್ ಬಂದರು. ಸೀಲ್ ಕತ್ತರಿಸಿ ಡ್ರೈವ್ ಹೊರತೆಗೆದು, ಚಿಮಟದಿಂದ ಒಂದು ವಸ್ತುವನ್ನು ಎಳೆದು ಮೇಜಿನ ಮೇಲಿಟ್ಟರು. ಅರ್ಧ ಉರಿದು, ಒಳಗೇ ಮುರಿದುಳಿದ ಊದುಬತ್ತಿ ಕಡ್ಡಿ. ಅದರ ಹಿಂದೆ ಬೂದಿ, ಕುಂಕುಮ.

"ಯಾರ್ರೀ ಇದು, ಇದ್ರಾಗೆ ಊದಿನಕಡ್ಡಿ ಚುಚ್ಚಿದ್ದು?" ಎಂದು ಅವರು ನಕ್ಕರು.

ಹೆಡ್‌ಮಾಸ್ಟರ್ ನಗಲಿಲ್ಲ. "ಪೂಜಿ ದಿನ ಬಾಳೆಹಣ್ಣು ತರೋದು ಮರ್ತಿದ್ರು. ಸಿಗಿಸಾಕೆ ಬ್ಯಾರೆ ಜಾಗ ಕಾಣಲಿಲ್ಲ. ನಾನೇ ಹಚ್ಚಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಡೀರಿ ಮೇಡಂ, ಆ ಹುಡುಗಿ ಮನಿಗೆ ಹೋಗಿ ಬರೋಣ" ಎಂದರು.

ಶಾಹಿನಾ ಭಟ್ಟಿಯಲ್ಲೇ ಇದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿಯುತ್ತಿದ್ದಳು. ತಂದೆ ಗೋಣಿಚೀಲ ಹಾಸಿ, "ಕೂಡ್ರಿ ಸಾರ್, ಚಾ ತರಿಸ್ತೀನಿ" ಎಂದರು. ಹೆಡ್‌ಮಾಸ್ಟರ್ ನಿಂತೇ ಇದ್ದರು.

"ತಪ್ಪು ನಂದು ಕಣವ್ವ. ನಾಳಿಂದ ಸಾಲಿಗೆ ಬಾ."

"ನೀವೇ ಬಂದ್ರಲ್ಲ, ಅದು ದೊಡ್ಡದು. ಅವಳು ಬರ್ತೀನಂದ್ರೆ ನಾ ಬ್ಯಾಡ ಅನ್ನಲ್ಲ" ಎಂದರು ತಂದೆ.

ಶಾಹಿನಾ ನನ್ನನ್ನು ಕೇಳಿದಳು: "ಸರಿ ಆತಾ ಮಿಸ್ ಅದು?"

"ಆಗಿದೆ. ನಿನ್ನಿಂದ ಕೆಟ್ಟಿದ್ದಲ್ಲ."

"ಮತ್ತೆ ಕೆಟ್ರೆ?"

"ಕೆಡಲ್ಲವ್ವ" ಎಂದರು ಹೆಡ್‌ಮಾಸ್ಟರ್.

"ಮಿಷನ್ ಅಂದ್ಮ್ಯಾಲೆ ಕೆಡದೆ ಇರತೈತಾ ಸಾರ್?" ಎಂದು ಅವಳು ಮತ್ತೆ ಜರಡಿ ಹಿಡಿದಳು. ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ ಅದು. ಮಾರನೇ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಮರುವರ್ಷ ನಾನು ಹರಿಹರದ ಶಾಲೆಯೊಂದಕ್ಕೆ ಸೇರಿದೆ. ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸುವುದು ಸುಲಭ. ಪರದೆ ತಾನೇ ಅವರನ್ನು ಕರೆಯುತ್ತದೆ. ಅದು ಕೆಟ್ಟ ದಿನವೂ ಮಗು ಅಲ್ಲೇ ಕೂತಿರುವಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ ಎಂಬುದನ್ನು ನಾನು ಕಲಿತದ್ದು ಆ ಭಟ್ಟಿಯಲ್ಲಿ. ಹಾಗಾಗಿ ಮೊದಲ ತರಗತಿಯಲ್ಲಿ ಲೋಗೋಗಿಂತ ಮುಂಚೆ ಇಷ್ಟು ಹೇಳುತ್ತೇನೆ: ಇದು ಕೆಡುತ್ತದೆ, ಕೆಟ್ಟಾಗ ನನ್ನನ್ನು ಕರೆಯಿರಿ, ಯಾರು ಕೂತಿದ್ದರು ಎಂದು ಕೇಳುವುದಿಲ್ಲ.

ಮಕ್ಕಳು ತಲೆಯಾಡಿಸುತ್ತಾರೆ. ಆದರೆ ನಂಬಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಒಂದೇ ಬೆರಳಿನಿಂದ, ಬಹಳ ಮೆಲ್ಲಗೆ ಕೀ ಒತ್ತುತ್ತಾರೆ.