ಮುರಿದ ಕಂಬಿಯ ಫೋಟೋ

ನನ್ನ ಗಂಡ ಫೋಟೋ ತೆಗೆದೇ ಜೀವನ ಮಾಡಿದರು. ಮದುವೆ, ಪಾಸ್‌ಪೋರ್ಟು, ಅಂಗಡಿಯವರ ಬಟ್ಟೆ, ಶಾಲೆಯ ಗುಂಪು, ಹೆಣ, ಯಾವುದನ್ನೂ ಒಲ್ಲೆ ಎಂದವರಲ್ಲ. "ಮದುವೇಲಿ ನಗಿ ಅನ್ಬೇಕು, ಪಾಸ್‌ಪೋರ್ಟಿಗೆ ನಗಬೇಡಿ ಅನ್ಬೇಕು, ಪೇಪರಿಗೆ ಮಾತ್ರ ಬಾಯಿ ಮುಚ್ಕೊಂಡಿರ್ಬೇಕು" ಎನ್ನುತ್ತಿದ್ದರು. ಮೊದಮೊದಲು ಬಚ್ಚಲುಮನೆಯೇ ಅವರು ಫೋಟೋ ತೊಳೆಯುವ ಕತ್ತಲೆ ಕೋಣೆ. ನೆಂಟರು ಬಾಗಿಲು ತಟ್ಟಿದರೆ ಒಳಗಿನಿಂದ, "ತೆಗೀಬೇಡಿ, ಮದುಮಗಳು ಕಪ್ಪಾಗ್ತಾಳೆ" ಎಂದು ಕೂಗುತ್ತಿದ್ದರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ನಮಗೆ ನಮ್ಮ ಬಚ್ಚಲು ಸಿಕ್ಕಿತು.

ಪೇಪರಿನ ಕೆಲಸ ಅವರಿಗೆ ಇಷ್ಟ. ಆದರೆ ಬಾಯಿ ಮುಚ್ಚಿಕೊಂಡಿದ್ದವರೇನಲ್ಲ. ಚರಂಡಿ ಒಡೆದಿದ್ದರೆ ಪಕ್ಕದಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸುತ್ತಿದ್ದರು. ಬರೀ ಚರಂಡಿ ಯಾರ ಕಣ್ಣಿಗೂ ಬೀಳುವುದಿಲ್ಲವಂತೆ.

"ಕಷ್ಟದಲ್ಲಿರೋರನ್ನ ಯಾಕ್ರೀ ಹಿಡ್ಕೊಂಡು ನಿಲ್ಸ್ತೀರಾ? ಪಾಪ ಸುತ್ಕೊಳ್ಳುತ್ತೆ" ಎಂದು ಬೈಯುತ್ತಿದ್ದೆ.

"ಪಾಪ ನನಗಿರ್ಲಿ ಬಿಡು, ಚರಂಡಿ ಅವಳದು ಸರಿಯಾಗುತ್ತಲ್ಲ."

ಕೆಲವು ಸಲ ಸರಿಯಾಗುತ್ತಲೂ ಇತ್ತು.

ರೈಲು ಹಳಿ ದಾಟುವ ಕಾಲುಸೇತುವೆಯಲ್ಲಿ ಒಂದು ಬದಿಯ ಕಂಬಿ ಮುರಿದು ಬಹಳ ದಿನವಾಗಿತ್ತು. ಶಾಲೆ ಮಕ್ಕಳು ಅಲ್ಲೇ ನೂಕಾಡಿಕೊಂಡು ಹೋಗುತ್ತಾರೆ. ಅದರ ಫೋಟೋ ತೆಗೆಯಲು ಹೋದರು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಹಿಂದೆ ಹಿಂದೆ ಸರಿದು ಎದುರು ಬದಿಯ ಕಂಬಿಗೆ ಒರಗಿದರು. ಅದೂ ಸಡಿಲವಾಗಿತ್ತು. ಅಷ್ಟೇ.

ಪೇಪರಿನಲ್ಲಿ ಅವರ ಮುಖ ಬಂತು. ಸೇತುವೆಗೆ ಯಾರೋ ಒಂದು ಹಗ್ಗ ಕಟ್ಟಿದರು. ಬೇರೇನೂ ಆಗಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಅವರ ಗೆಳೆಯ ಬಂದರು. ಅದೇ ಪೇಪರಿನ ಇನ್ನೊಬ್ಬ ಫೋಟೋಗ್ರಾಫರ್. ಕೊಟ್ಟ ಚಹಾ ಆರುತ್ತಿತ್ತು, ಮುಟ್ಟಲಿಲ್ಲ.

"ಅತ್ತಿಗೆ, ಕೇಳೋಕೆ ನಾಲಿಗೆ ಏಳ್ತಿಲ್ಲ. ನೀವು ಒಂದ್ಸಲ ಆ ಸೇತುವೆ ಮೇಲೆ ಬಂದು ನಿಂತ್ರೆ, ಕಂಬಿ ಹಾಕ್ತಾರೇನೋ ಅಂತ."

"ಅವರಾಗಿದ್ರೂ ಹಿಂಗೇ ಕೇಳ್ತಿದ್ರಾ?"

"ಅವನಿಗೆ ಇಷ್ಟು ಹೊತ್ತು ಹಿಡೀತಿರ್ಲಿಲ್ಲ."

ನನಗೆ ನಗು ಬಂತು. ಅವರ ತಂಗಿ, ನನ್ನ ನಾದಿನಿ, ಒಳಗಿನಿಂದ ಬಂದಳು. "ನಗ್ತೀರಲ್ಲ ಅತ್ತಿಗೆ. ಬೀದೀಲಿ ನಿಂತು ಅಳೋ ಗತಿ ಬಂತಾ ನಮ್ಮನೆಗೆ? ಹೋಗ್ಬೇಡಿ."

ಆ ಮಕ್ಕಳು ಇವತ್ತೂ ಅಲ್ಲೇ ಹೋಗುತ್ತವೆ ಎನ್ನುವುದೊಂದೇ ತಲೆಯಲ್ಲಿತ್ತು. ಚಪ್ಪಲಿ ಮೆಟ್ಟಿಕೊಂಡೆ.

ಸೇತುವೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. "ಸ್ವಲ್ಪ ಕೆಳಗೆ ನೋಡಿ ಅತ್ತಿಗೆ" ಎಂದರು ಗೆಳೆಯ. ನೋಡಿದೆ. ಹಳಿ, ಜಲ್ಲಿ, ಒಂದು ಖಾಲಿ ಬಾಟಲಿ. ಅಳು ಬರಲಿಲ್ಲ, ಆಕಳಿಕೆ ಬಂತು.

"ಅಳು ಬರ್ತಿಲ್ಲಪ್ಪ. ಮನೇಲೇ ಮುಗೀತು."

"ಬೇಡ ಬಿಡಿ, ಹಂಗೇ ನಿಂತಿರಿ."

ಅಷ್ಟರಲ್ಲಿ ಶಾಲೆ ಬಿಟ್ಟಿತು. ಮಕ್ಕಳ ಹಿಂಡು ಬಂತು. ಒಬ್ಬಳು ಹುಡುಗಿ ದಾರಿ ಬಿಡಲೆಂದು ಹಗ್ಗ ಕಟ್ಟಿದ್ದ ಅದೇ ಸಡಿಲ ಕಂಬಿಗೆ ಬೆನ್ನು ಕೊಟ್ಟಳು. ಕಂಬಿ ಹೊರಕ್ಕೆ ವಾಲಿತು. ನಾನು ಹೇಗೆ ಓಡಿದೆನೋ, ಅವಳ ಬ್ಯಾಗು ಹಿಡಿದು ಎಳೆದೆ.

"ಕಣ್ಣು ಕಾಣಲ್ವೇನೇ ನಿನಗೆ? ಹಿಂದೆ ಏನಿದೆ ಅಂತ ನೋಡೋದು ಬೇಡ್ವಾ? ಮನೇಲಿ ಕಾಯ್ತಿರೋರು ಏನಾಗ್ಬೇಕು?"

ಹುಡುಗಿ ಹೆದರಿ ಅತ್ತಳು. ನಾನು ನಿಲ್ಲಿಸಲಿಲ್ಲ. ಗಂಡನಿಗೆ ಬೈಯಬೇಕಾದ್ದನ್ನೆಲ್ಲ ಆ ಹುಡುಗಿಗೆ ಬೈದೆ. ಗೆಳೆಯ ಫೋಟೋ ತೆಗೆಯುತ್ತಲೇ ಇದ್ದದ್ದು ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬಂತು. ಹುಡುಗಿಯ ಮುಖ ನನ್ನ ತೋಳಿನ ಮರೆಯಲ್ಲಿ. ಹಿಂದೆ ವಾಲಿದ ಕಂಬಿ. ನಡುವೆ ನಾನು, ಕೂದಲು ಕೆದರಿ, ಬಾಯಿ ಬಿಟ್ಟುಕೊಂಡು, ನಲ್ಲಿ ಮುಂದೆ ಜಗಳಕ್ಕೆ ನಿಂತವಳ ಹಾಗೆ.

"ಇದನ್ನ ನೋಡಿದೋರು, ಅಣ್ಣ ನಿಮಗೆ ಹೆದರ್ಕೊಂಡೇ ಹಾರಿದ ಅಂತಾರೆ" ಎಂದಳು ನಾದಿನಿ. ಹೇಳಿ ಅವಳೇ ಅತ್ತಳು. ನಾನು ಪೇಪರು ಮಡಚಿಟ್ಟು ಅನ್ನಕ್ಕಿಟ್ಟೆ.

ಆ ವಾರವೇ ಎರಡೂ ಬದಿಗೆ ಹೊಸ ಕಂಬಿ ಹಾಕಿದರು. ಗೆಳೆಯ ಫೋನ್ ಮಾಡಿದರು.

"ಬಂದು ನೋಡ್ತೀರಾ ಅತ್ತಿಗೆ?"

"ಇಲ್ಲಪ್ಪ, ಮೆಟ್ಟಿಲು ಹತ್ತೋಕಾಗಲ್ಲ. ಗಟ್ಟಿ ಇದೆಯಾ?"

"ಅಲ್ಲಾಡಿಸಿ ನೋಡಿದೆ. ಒರಗೀನೂ ನೋಡಿದೆ."

"ನೀವು ಒರಗೋಕೆಲ್ಲ ಹೋಗ್ಬೇಡಿ" ಎಂದು ಫೋನ್ ಇಟ್ಟೆ.