ಹೇನನ್ನು ‘ಏನು’ ಅನ್ನುತ್ತಿದ್ದ ಮನೆ

ಬೇವಿನೆಣ್ಣೆಯ ವಾಸನೆ ಚೆನ್ನಾಗಿದೆ ಎಂದು ಯಾರೂ ಹೇಳಲಾರರು. ಕಳೆದ ವಾರ ಮಗಳ ಶಾಲೆಯಿಂದ ‘ಮಕ್ಕಳ ತಲೆ ನೋಡಿ’ ಎಂದು ಮೊಬೈಲಿಗೆ ಸಂದೇಶ ಬಂತು. ಅವಳ ಕೂದಲಿಗೆ ಆ ಎಣ್ಣೆ ಹಚ್ಚಲು ಕೂತಾಗ ಅವಳು ಮೂಗು ಮುಚ್ಚಿಕೊಂಡಳು, ನಾನು ಮಾತ್ರ ಸೀಸೆಯನ್ನು ಮತ್ತೆ ಮತ್ತೆ ಮೂಸಿದೆ. ಬಂಗಾರಪೇಟೆ ಹತ್ತಿರದ ಹಳ್ಳಿಯ ನಮ್ಮ ಹೆಂಚಿನ ಮನೆ, ಸಗಣಿಯೂ ಕಾದ ಹಾಲೂ ಬೆರೆತ ಅದರ ಮಧ್ಯಾಹ್ನದ ಗಾಳಿ, ಬಿಸಿಲಿಗೆ ಕಾಲು ಚಾಚಿ ಕೂತ ಅಜ್ಜಿ, ಎಲ್ಲ ಆ ವಾಸನೆಯಲ್ಲಿತ್ತು. ಆ ಮನೆ ಈಗಿಲ್ಲ, ಹೊಸ ರಸ್ತೆ ಅದರ ಜಗಲಿಯ ಮೇಲೆಯೇ ಹಾದುಹೋಗಿದೆ. ಅಂಥದೊಂದು ಮನೆ ಕಳೆದುಕೊಂಡವರಿಗೆ ನಾನು ಸೀಸೆ ಮೂಸಿದ್ದು ವಿಚಿತ್ರ ಅನ್ನಿಸಲಾರದು.

ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲು, ಹೋಗು ಓಗು, ಹೇನು ಏನು. ನಾನು ನಾಲ್ಕನೇ ಕ್ಲಾಸಿಗೆ ಆಟೋದಲ್ಲಿ ಆಂಡರ್ಸನ್‌ಪೇಟೆಗೆ ಹೋಗುತ್ತಿದ್ದೆ. ಸೊಂಟ ಮುಟ್ಟುವ ಜಡೆಯೊಂದೇ ನನ್ನ ಹೆಮ್ಮೆ. ಆ ವರ್ಷ ಶಿವಮೊಗ್ಗದ ಕಡೆಯಿಂದ ಹೊಸ ಟೀಚರ್ ಬಂದಿದ್ದರು. ನಾನು ಕೆರೆದುಕೊಳ್ಳುವುದನ್ನು ನೋಡಿ, “ತಲೇಲಿ ಏನಿದೆ?” ಎಂದರು.

“ಏನೈತೆ ಮಿಸ್.”

“ಅದನ್ನೇ ನಾನು ಕೇಳಿದ್ದು. ಏನಿದೆ?”

“ಊಂ ಮಿಸ್. ಏನೈತೆ.”

ಅಧಿಕಪ್ರಸಂಗಿ ಎಂದು ನನ್ನನ್ನು ಹೊರಗೆ ನಿಲ್ಲಿಸಿ, ಮನೆಯವರನ್ನು ಕರೆತರಲು ಹೇಳಿದರು. ಮರುದಿನ ಅಜ್ಜಿ ಬಂದಳು. “ನಿಮ್ಮ ಮೊಮ್ಮಗಳು ನನಗೇ ತಿರುಗಿಸಿ ಪ್ರಶ್ನೆ ಕೇಳ್ತಾಳೆ” ಎಂದರು ಟೀಚರ್.

“ಮಗ ದಿಟಾನೇ ಯೋಳವ್ಳೆ ಮೇಷ್ಟ್ರಮ್ಮ. ಏನೈತೆ. ನಾನೇ ಕಂಡಿವ್ನಿ.”

“ಏನು ಕಂಡಿದ್ದೀರಿ?”

“ಏನೇ ಕಣಮ್ಮ!” ಎಂದು ಅಜ್ಜಿ ನನ್ನ ಬೈತಲೆಗೆ ಕೈಹಾಕಿ, ಒಂದನ್ನು ಹಿಡಿದು, ಹೆಬ್ಬೆರಳ ಉಗುರಿನ ಮೇಲಿಟ್ಟು ಟೀಚರ ಮೂಗಿನ ಬಳಿ ಒಯ್ದಳು.

“ಅಯ್ಯೋ, ಹೇನು!”

“ಅದೇ ನಾನೂ ಯೋಳಿದ್ದು.”

ಇದು ನಾನೇ ಕಂಡದ್ದೋ, ಮನೆಯವರು ಹೇಳಿ ಹೇಳಿ ನನ್ನ ನೆನಪಾದದ್ದೋ, ಖಾತ್ರಿಯಿಲ್ಲ. ಆಮೇಲಿನ ಭಯ ಮಾತ್ರ ನನ್ನದೇ. ತಲೆ ಚೊಕ್ಕಟವಾಗುವ ತನಕ ಕ್ಲಾಸಿಗೆ ಬರಬೇಡ ಎಂದರು ಟೀಚರ್. ಅಮ್ಮ, ಹಸು ಕರೆಯುತ್ತಲೇ ತೀರ್ಪು ಕೊಟ್ಟಳು: “ಭಾನ್ವಾರ ಬೋಳ್ಸೋದೇ. ಕೂದ್ಲು ತಾನೆ, ಬೆಳೀತದೆ.”

“ಭಾನ್ವಾರದ ಗಂಟ ನಂಗ್ ಬುಡು” ಎಂದಳು ಅಜ್ಜಿ.

ಅಂದಿನಿಂದ ಪ್ರತಿ ಮಧ್ಯಾಹ್ನ ನನ್ನ ತಲೆ ಅವಳ ತೊಡೆಯ ಮೇಲೆ. ಬೇವಿನೆಣ್ಣೆ ತಿಕ್ಕಿ, ಬಿಳಿ ಪಂಚೆ ಹಾಸಿ, ಒತ್ತು ಹಲ್ಲಿನ ಸೀರಣಿಗೆಯಲ್ಲಿ ಬಾಚುವಳು. ಕೂದಲಿಗೆ ಅಂಟಿದ ಮೊಟ್ಟೆಗಳನ್ನು, ಅಂದರೆ ಸೀರನ್ನು, ಎರಡು ಉಗುರುಗಳ ನಡುವೆ ಹಿಡಿದು ಎಳೆಯುವಳು. ಬಿದ್ದವಕ್ಕೆಲ್ಲ ನೆಂಟರ ಹೆಸರು. “ಇವ್ನು ನಿಮ್ ದೊಡ್ಡಪ್ಪ, ನೋಡು, ಕೂತಲ್ಲೇ ತಿಂದು ಎಂಗ್ ಊದವ್ನೆ!” ಉಗುರಿನ ಮೇಲೆ ಟಿಕ್. ನನಗೆ ನಗು, ನಗುತ್ತ ತಲೆ ಅಲುಗಿದರೆ ಬೆನ್ನಿಗೊಂದು ಗುದ್ದು. ಹಾಗೇ ನಿದ್ದೆ.

ಭಾನುವಾರ ಅಮ್ಮ ನನ್ನನ್ನು ಬಾಗಿಲ ಬೆಳಕಿಗೆ ಎಳೆದಳು. ಅಜ್ಜಿ ‘ನಾನು ಬೈತಲೆ ತೆಗೀತೀನಿ, ನೀನ್ ನೋಡು’ ಎಂದು ಅಡ್ಡ ಬಂದು ಕೂತಳು. ಕಿವಿಯ ಹಿಂದೆ ಏನೋ ಹರಿದಂತಾಯಿತು, ನಾನು ಉಸಿರು ಬಿಗಿಹಿಡಿದೆ. ಅಜ್ಜಿ ಜೋರಾಗಿ ಕೆಮ್ಮಿದಳು. ಕೆಮ್ಮಿನ ಅಡಿಯಲ್ಲೊಂದು ಸಣ್ಣ ಟಿಕ್ ಕೇಳಿಸಿತೆಂದು ನಾನು ಇಂದಿಗೂ ನಂಬಿದ್ದೇನೆ. “ಏನೂ ಇಲ್ಲ” ಎಂದಳು ಅಜ್ಜಿ. ಆ ಮಾತಿಗೆ ನಮ್ಮ ಮನೆಯಲ್ಲಿ ಎರಡು ಅರ್ಥ, ಆ ಕ್ಷಣಕ್ಕೆ ಎರಡೂ ನಿಜ. ಜಡೆ ಉಳಿಯಿತು.

ಮರುದಿನ ಶಾಲೆಯಿಂದ ಬಂದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. “ಬಾರೇ, ಇನ್ನೊಂದ್ ಕಿತ ನೋಡ್ಬುಡಾನ.”

“ಇಲ್ಲ ಅಂತ ನೀನೇ ಯೋಳ್ದಲ್ಲಜ್ಜಿ” ಎಂದು ನಾನು ಜಡೆ ಬೀಸುತ್ತ ಆಡಲು ಓಡಿದೆ. ಅವಳು ಮತ್ತೂ ಕೆಲವು ದಿನ ಕರೆದಳು. ಆಮೇಲೆ ಕರೆಯುವುದನ್ನು ಯಾವಾಗ ಬಿಟ್ಟಳೋ, ನನಗೆ ನೆನಪಿಲ್ಲ.